ಗಾಜಿನಾಚೆಗಿನ ಸ್ಲಾತ್

ಹೊಟ್ಟೆಯೊಳಗಿನ ಮಗು ಹಿಂದಿನ ದಿನದಿಂದ ಮಿಸುಕಾಡಿರಲಿಲ್ಲ. ಇದಕ್ಕೆ ಮೊದಲಿನ ಎರಡು ಬಸಿರೂ ನಿಂತಿರಲಿಲ್ಲ. ಮಧುಗಿರಿಯ ಡಾಕ್ಟರಮ್ಮ ಅವತ್ತೇ ಸ್ಕ್ಯಾನಿಂಗ್ ಮಾಡಿಸಿ ಎಂದು ದೊಡ್ಡ ಊರಿಗೆ ಕಳಿಸಿದರು. ಅತ್ತೆಯೂ ನಾನೂ ಬಸ್ಸಿಳಿದು ಆಸ್ಪತ್ರೆಗೆ ಓಡಿದರೆ, ಮಧ್ಯಾಹ್ನ ಮೂರಕ್ಕೆ ಬನ್ನಿ ಎಂದರು. ಅಲ್ಲಿ ಕೂತವರ ಮಡಿಲಲ್ಲೆಲ್ಲ ಎಳೆಗೂಸುಗಳು. ನನ್ನಿಂದ ಕೂರಲಾಗಲಿಲ್ಲ. ಎದುರಿಗೇ ಝೂ ಇತ್ತು. ಪ್ರಾಣಿ ನೋಡುವ ಆಸೆಯಿಂದಲ್ಲ, ಎಲ್ಲಾದರೂ ನಿಲ್ಲಬೇಕಿತ್ತು, ಒಳಗೆ ಹೋದೆ, ಅತ್ತೆಯೂ ಹಿಂದೆಯೇ ಬಂದರು.

ಗಾಜಿನ ಕೋಣೆಯೊಂದರಲ್ಲಿ ಕಂದು ಕೂದಲಿನ ಪ್ರಾಣಿ ಕೊಂಬೆಗೆ ಉಗುರು ಸಿಕ್ಕಿಸಿ ತಲೆಕೆಳಗಾಗಿ ನೇತಾಡುತ್ತಿತ್ತು. ಅತ್ತೆ ಕಂಡವರೇ ತಮ್ಮ ಸೆರಗನ್ನು ನನ್ನ ಹೊಟ್ಟೆಗೆ ಅಡ್ಡ ಹಿಡಿದರು.

"ಕಾಡ್‌ಪಾಪ ಕಣಮ್ಮ! ಬಸ್ರಿ ಹೆಂಗ್ಸು ನೋಡ್ಬಾರ್ದು. ಬಾ ಇತ್ಲಾಗೆ."

ಅವರ ತವರು ಐ.ಡಿ.ಹಳ್ಳಿ ಕಡೆ. ಹುಣಸೆ ಮರದಲ್ಲಿ ಕಾಡುಪಾಪ ಕಂಡಿತೆಂದರೆ ಅವರ ಮನೆಯಲ್ಲಿ ಬಸುರಿಯನ್ನು ಒಳಗೆ ಕೂರಿಸಿ ಬಾಗಿಲು ಹಾಕುತ್ತಿದ್ದರಂತೆ. ನೋಡಿದರೆ ಮಗುವೂ ಹಾಗೇ ನರಪೇತಲ ಆಗುತ್ತದಂತೆ.

"ಇದು ಕಾಡುಪಾಪ ಅಲ್ಲ ಅತ್ತೆ, ಸ್ಲಾತ್. ಬೇರೆ ದೇಶದ್ದು."

"ಯಾವ ದೇಶದ್ದಾದ್ರೇನು ಬುಡು. ಮಕ ಅದೇ ಅಲ್ವಾ?"

ನನಗೆ ರೇಗಿತು. ಇನ್ನೇನು ಕೆಡುವುದು ಬಾಕಿಯಿದೆ ಎಂದು ಕಿರುಚಿದೆ. ಅವರು ಸೆರಗು ತೆಗೆದರು.

ಗಾಜಿನ ಪಕ್ಕದ ಫಲಕ ಓದಿ ಅವರಿಗೂ ಹೇಳಿದೆ. ಅದು ತಿನ್ನುವುದು ಎಲೆ, ಎಲೆಯಲ್ಲಿ ಕಸುವು ಕಡಿಮೆ, ಅದಕ್ಕೇ ಮೈಯ ಕೆಲಸವೆಲ್ಲ ನಿಧಾನ. ತಿಂದದ್ದು ಕರಗಲು ವಾರಗಟ್ಟಲೆ ಬೇಕು. ಅಲುಗದೆ ಇದ್ದರೆ ಹದ್ದಿನ ಕಣ್ಣಿಗೆ ಬೀಳುವುದಿಲ್ಲ. ಕೊನೆಯ ಸಾಲನ್ನು ಮಾತ್ರ ಹೇಳಲಿಲ್ಲ. ಸತ್ತ ಮೇಲೂ ಕೆಲವೊಮ್ಮೆ ಅದರ ಹಿಡಿತ ಬಿಡುವುದಿಲ್ಲ, ಕೊಂಬೆಯಲ್ಲೇ ನೇತಾಡುತ್ತಿರುತ್ತದೆ ಎಂದಿತ್ತು.

ಹಾಗಾದರೆ ಬದುಕಿದೆಯೋ ಇಲ್ಲವೋ ಕೆಳಗೆ ನಿಂತವರಿಗೆ ಹೇಗೆ ಗೊತ್ತಾಗಬೇಕು? ಇದು ಅಲುಗಿದರೆ ನನ್ನದೂ ಅಲುಗುತ್ತದೆ ಎಂದುಕೊಂಡೆ. ಓದಿದವಳು ನಾನು, ಆಗ ಓದು ಯಾರಿಗೆ ಬೇಕಿತ್ತು! ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದೆ. ಬಂದವರು ಗಾಜು ತಟ್ಟಿ, ಬೊಂಬೆ ತೂಗುಹಾಕಿದ್ದಾರೆ ಎಂದು ನಕ್ಕು ಮುಂದೆ ಹೋದರು. ಅತ್ತೆ ಸಿದ್ದರಬೆಟ್ಟದ ಸ್ವಾಮಿಯನ್ನು ನೆನೆದು ನೆನೆದು, ಕೊನೆಗೆ ಆ ಗಾಜಿಗೇ ಕೈಮುಗಿದರು.

"ಒಂದ್ಸಲ ಅಲ್ಲಾಡವ್ವ."

ಎಷ್ಟೋ ಹೊತ್ತಿಗೆ ಅದು ಒಂದು ಕೈ ಬಿಡಿಸಿ ಪಕ್ಕದ ಕೊಂಬೆಯತ್ತ ಚಾಚಿತು. ಅತ್ತೆ ತಟ್ಟನೆ ನನ್ನ ಮುಖ ನೋಡಿದರು. ಇಲ್ಲ ಎಂದು ತಲೆಯಾಡಿಸಿದೆ.

ಮೂರಕ್ಕೆ ಡಾಕ್ಟರು ಸ್ಕ್ಯಾನಿಂಗ್ ಮಾಡಿದರು. ಹೊಟ್ಟೆಯ ಮೇಲೆ ಆಡಿಸುತ್ತಿದ್ದ ಕೈ ನಿಲ್ಲಿಸಿ, ಎದೆಬಡಿತ ಇಲ್ಲಮ್ಮ ಎಂದರು. ನನಗೆ ಅಳುವೂ ಬರಲಿಲ್ಲ. ಅತ್ತೆ ಡಾಕ್ಟರ ತೋಳು ಹಿಡಿದುಕೊಂಡರು.

"ಅವಸ್ರ ಮಾಡ್ಬ್ಯಾಡಿ ಸಾರ್. ಎದುರುಗಡೆ ಒಂದದೆ, ಅದೂ ಇಂಗೇನೇ, ಎಷ್ಟೊತ್ತಾದ್ರೂ ಅಲ್ಲಾಡ್ಲಿಲ್ಲ. ಆಮ್ಯಾಲೆ ಕೈ ಚಾಚ್ತು. ನಾನೇ ನೋಡಿವ್ನಿ. ಇನ್ನೊಸಿ ನೋಡಿ ಸಾರ್."

ಡಾಕ್ಟರು ಇನ್ನೊಂದು ಸಲ ಜೆಲ್ ಹಚ್ಚಿ, ಅತ್ತೆ ತಾವಾಗಿ ಕೈ ಬಿಡುವವರೆಗೂ ನೋಡುತ್ತಲೇ ಇದ್ದರು.