ಹನ್ನೆರಡು ಅಕ್ಷರದ ಮನೆ

ಅಜ್ಜಿಗೆ ಸಿಟ್ಟೇ ಬರುವುದಿಲ್ಲ ಎಂದು ನೀವು ನಗುತ್ತೀರಿ, ಮಕ್ಕಳೇ. ಬರುತ್ತದೆ. ಒಂದು ಸಿಟ್ಟು ಇನ್ನೂ ಆರಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಟೈಪಿಂಗ್ ಕಲಿತೆ. ಎಂಬತ್ತರ ದಶಕದ ಕೊನೆಗೆ ಕೊಟ್ಟಾರದ ಒಂದು ಕಚೇರಿಯಲ್ಲಿ ಕಾರ್ಡುಗಳಲ್ಲಿ ಬರೆದದ್ದನ್ನು ಕಂಪ್ಯೂಟರಿಗೆ ಹೊಡೆಯುವ ಕೆಲಸ ಸಿಕ್ಕಿತು. ಆರು ತಿಂಗಳು ನೋಡಿ ಖಾಯಂ ಮಾಡುತ್ತೇವೆ ಎಂದಿದ್ದರು. ಬೋಳಾರದ ಹೆಂಚಿನ ಕಾರ್ಖಾನೆಯ ಹೆಂಗಸರ ಕಾರ್ಡುಗಳವು. ಹೆಸರು, ಮನೆ, ಪೋಷಕರು. ತಾಯಿಯ ಕಡೆಯಿಂದ ಮನೆತನ ನಡೆಯುವ ಊರಲ್ಲವೇ, ಪೋಷಕರ ಜಾಗದಲ್ಲಿ ಹೆಚ್ಚಿನವರು ಬರೆಸಿದ್ದು ಸೋದರಮಾವನ ಹೆಸರು.

ಅಚ್ಚಾಗಿ ಬಂದ ಪಟ್ಟಿಯಲ್ಲಿ ಒಬ್ಬಾಕೆಯ ಮಾವನ ಹೆಸರು ಕೆಟ್ಟು ಏನೋ ಆಗಿತ್ತು. ಪ್ರೋಗ್ರಾಂ ಬರೆದ ಎಂಜಿನಿಯರು ಖಾಯಂ ಮಾಡಲು ನೋಡುವ ನನ್ನ ಫೈಲಿನಲ್ಲಿ "ಟೈಪಿಂಗ್ ತಪ್ಪು" ಎಂದು ಬರೆದುಬಿಟ್ಟರು. ನನ್ನನ್ನು ಕೇಳಲಿಲ್ಲ, ಕಾರ್ಡು ನೋಡಲಿಲ್ಲ.

ಕಾರ್ಡು ಹಿಡಿದು ಅವರ ಕುರ್ಚಿಯ ಹಿಂದೆ ನಿಂತೆ. ಓಡುವ ಪ್ರೋಗ್ರಾಂ ಬೇಕಾದ ಕಾರ್ಡು ಬಂದೊಡನೆ ನಿಲ್ಲುವಂತೆ ಷರತ್ತು ಹಾಕಲು ಬರುತ್ತದೆ. ಅದಕ್ಕೆ ಬ್ರೇಕ್‌ಪಾಯಿಂಟ್ ಎನ್ನುತ್ತಿದ್ದರು. ಆಕೆಯ ಹೆಸರಿನವರು ಹದಿನಾರು ಮಂದಿ ಇದ್ದುದರಿಂದ, ಹೆಸರೂ ಮಾವನ ಹೆಸರೂ ಹೊಂದಿದರೆ ನಿಲ್ಲು ಎಂದು ಹಾಕಿದರು. ಅದು ನಿಲ್ಲಲೇ ಇಲ್ಲ.

"ನೋಡಿ ಅಕ್ಕ, ಅಂಥ ಕಾರ್ಡೇ ಇಲ್ಲ. ನೀವು ಎಂತದೋ ಹೊಡೆದಿದ್ದೀರಿ."

"ಕೆಟ್ಟದ್ದೇ ಮಾವನ ಹೆಸರು. ಅದನ್ನೇ ಸರಿ ಉಂಟಾ ಅಂತ ಕೇಳಿದ್ರೆ ಹೇಗೆ ನಿಲ್ತದೆ?" ಕಾರ್ಡನ್ನು ಅವರ ಮುಂದೆ ಹಿಡಿದೆ. "ಹೆಸರು, ಮನೆ, ಎರಡೇ ಕೇಳಿ."

"ಇನ್ನು ಅಕ್ಕ ನನಗೆ ಪ್ರೋಗ್ರಾಂ ಕಲಿಸ್ತಾರೆ ಮಾರಾಯ್ರೆ!" ಎಂದು ಪಕ್ಕದ ಮೇಜಿನವರಿಗೆ ಹೇಳಿ ನಕ್ಕರು. ಆದರೂ ಹಾಕಿದರು.

ನಿಂತಿತು. ಮನೆ "ಪಡುಬೈಲ್ ಮಿತ್ತಮನೆ", ನಾನು ಹೊಡೆದ ಹಾಗೆಯೇ. ಮಾವನ ಜಾಗದಲ್ಲಿ "ತಮನೆ"! ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯುತ್ತಿದ್ದೆವು, ಮನೆ ಹೆಸರಿಗೆ ಅವರು ಇಟ್ಟದ್ದು ಹನ್ನೆರಡೇ ಅಕ್ಷರದ ಜಾಗ. ಹಿಡಿಯದೆ ಉಳಿದ ಬಾಲ ಪಕ್ಕಕ್ಕೆ ನುಗ್ಗಿ ಮಾವನನ್ನು ಅಳಿಸಿತ್ತು.

"ಮನೆಗೆ ಇಷ್ಟುದ್ದದ ಹೆಸರಾ?"

"ಇಲ್ಲಿ ಮನೆಯಿಂದಲೇ ಜನದ ಗುರುತು. ನೀವು ಕೇಳ್ಬೇಕಿತ್ತು."

ಜಾಗ ದೊಡ್ಡದು ಮಾಡಿದರು. ಫೈಲು ಮುಟ್ಟಲಿಲ್ಲ. ನಾನೇ ತಂದು ಅವರ ಮುಂದಿಟ್ಟೆ.

"ಮ್ಯಾನೇಜರಿಗೆ ಬಾಯಲ್ಲಿ ಹೇಳ್ತೇನೆ ಅಕ್ಕ, ಸಾಕಲ್ಲ?"

"ಸಾಲದು. ನೀವು ತಪ್ಪು ಅಂದದ್ದು ಬಾಯಲ್ಲಲ್ಲ."

ಊಟದ ಹೊತ್ತು ಮೀರಿದರೂ ನಾನು ಅಲ್ಲಿಂದ ಕದಲಲಿಲ್ಲ. ಕೊನೆಗೆ "ಪ್ರೋಗ್ರಾಂ ಸರಿಪಡಿಸಲಾಗಿದೆ" ಎಂದು ಬರೆದು ಸಹಿ ಹಾಕಿದರು. ಮೇಲಿನ ಸಾಲು ಹಾಗೆಯೇ ಇತ್ತು. ಅವರ ಕೈಯಿಂದ ಪೆನ್ನು ತೆಗೆದುಕೊಂಡೆ. ಕಾಗದ ಹರಿಯುವಷ್ಟು ಒತ್ತಿ ಆ ಸಾಲನ್ನು ಹೊಡೆದುಹಾಕಿದೆ. ಕೆಲಸ ಖಾಯಂ ಆದದ್ದು ಆ ಹರಿದ ಹಾಳೆಯಿದ್ದ ಫೈಲಿನಲ್ಲಿಯೇ.