ಭಾವ ಉಜ್ಜಿದ ಬಂದೂಕು

ಬೀಗ ರಿಪೇರಿ ಮಾಡುವ ನಮ್ಮ ಭಾವ ಗುಜರಿಯಿಂದ ತುಕ್ಕು ಹಿಡಿದ ಹಳೇ ಮಿಲಿಟರಿ ಬಂದೂಕು ತಂದರು. ನಳಿಗೆ ಮುಚ್ಚಿಸಿದ್ದು, ಗುಂಡು ಹಾರುವುದಿಲ್ಲ. ಸಿಪಾಯಿಯಾಗಿದ್ದ ಅವರಪ್ಪನದೇ ಎಂದು ಗುಜರಿಯವನು ಆಣೆ ಮಾಡಿದ್ದ. ಅಪ್ಪನ ವಸ್ತು ಎಂದು ಮನೆಯಲ್ಲಿ ಬೇರೇನೂ ಉಳಿದಿರಲಿಲ್ಲ. ಅಪ್ಪನ ಬಂದೂಕಿನ ನಂಬರು ಮಾತ್ರ ಭಾವನಿಗೆ ಚಿಕ್ಕಂದಿನಿಂದ ಬಾಯಿಪಾಠ. ಇದರ ನಂಬರು ತುಕ್ಕಿನಡಿ ಮುಚ್ಚಿಹೋಗಿತ್ತು. ಸೀಮೆಎಣ್ಣೆ ಹಚ್ಚಿ, ಹಿತ್ತಾಳೆ ಬ್ರಷ್ಷಿನಿಂದ ಮೆಲ್ಲಗೆ ಉಜ್ಜುತ್ತ ಹೋದರು.

"ಮಕ್ಕಳನ್ನೂ ಹೀಗೆ ತೊಡೆ ಮೇಲೆ ಹಾಕ್ಕೊಂಡಿರ್ಲಿಲ್ಲ ಇವ್ರು" ಎಂದು ಅಕ್ಕ ರೇಗಿಸಿದಳು.

ನಿನ್ನೆ ನಂಬರು ಕಾಣಿಸಿತು. ಅದು ಅವರಪ್ಪನ ಬಂದೂಕಿನದಲ್ಲ. ನನಗೆ ಮೈಯೆಲ್ಲ ಉರಿಯಿತು.

"ಆ ಗುಜರಿಯವನ ಹಲ್ಲು ಉದುರಿಸ್ತೀನಿ, ಏಳಿ ಭಾವ!"

ಭಾವ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಕೂತ್ಕೊಳೋ. ಇದನ್ನೂ ಯಾರೋ ಹೊತ್ಕೊಂಡು ತಿರುಗಿದಾರೆ. ಅರ್ಧಕ್ಕೆ ಬಿಟ್ರೆ ಮತ್ತೆ ತುಕ್ಕು ಹಿಡಿಯುತ್ತೆ."

ಗುಜರಿಯವನನ್ನು ಬೈದುಕೊಳ್ಳುತ್ತಲೇ ನಾನೂ ಮರದ ಹಿಡಿಗೆ ಎಣ್ಣೆ ಹಚ್ಚಲು ಕುಳಿತೆ.