ಮಾವನ ಟ್ರ್ಯಾಕ್ಟರಿನ ಸೋಮವಾರ

ಮಳೆಗಾಲ ಬಂತೆಂದರೆ ಗಿಡ್ಡಪ್ಪನವರ ಮನೆಯ ಬಾಗಿಲು ಉಬ್ಬಿಕೊಳ್ಳುತ್ತದೆ. ಕಾಲಲ್ಲಿ ಒದ್ದರೇ ಮುಚ್ಚುವುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ‘ಧಡ್’ ಸದ್ದು ನಮ್ಮ ಪಡಸಾಲೆಯವರೆಗೂ ಬರುತ್ತದೆ. ಊಟಕ್ಕೆ ಕೂತ ನನ್ನ ಮಾವ ಮಹೇಶ್ವರಪ್ಪನವರ ಕೈ ರೊಟ್ಟಿಯ ಮೇಲೆ ನಿಂತುಬಿಡುತ್ತದೆ. ಅತ್ತೆ ಏನೂ ಕೇಳಿಸದವರ ಹಾಗೆ ಪಲ್ಯ ಬಡಿಸುತ್ತಾರೆ.

ನಾನು ದಾವಣಗೆರೆಯಲ್ಲಿ ಓದಿ ಬೆಳೆದವಳು. ಸವಳಂಗದ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆ, ಅದರಲ್ಲೂ ಮಗಳು ಹುಟ್ಟಿದ ಮೇಲೆ, ನನಗೆ ಎಲ್ಲದರ ಭಯ. ತೆರೆದ ಬಾವಿ, ಹುಲ್ಲಿನ ಬಣವೆ, ಎಲ್ಲಕ್ಕಿಂತ ಹೆಚ್ಚಾಗಿ ಮಾವನ ಆ ಚಿಕ್ಕ ಟ್ರ್ಯಾಕ್ಟರ್. ಅದರ ಹಿಂದೆ ತಿರುಗುವ ಕಬ್ಬಿಣದ ದಂಡ ನೋಡಿದರೆ ಮಗಳ ಫ್ರಾಕಿನ ಲಾಡಿಯೇ ಕಣ್ಣಿಗೆ ಬರುತ್ತಿತ್ತು. ‘ಅದಕ್ಕೊಂದು ಮುಚ್ಚಳ ಹಾಕಿಸಿ ಮಾವ’ ಎಂದು ಹೇಳಿ ಹೇಳಿ ಕೊನೆಗೂ ಹಾಕಿಸಿದೆ.

ಆ ಟ್ರ್ಯಾಕ್ಟರ್ ಆರಿಸಿದ ಕತೆಯನ್ನು ನಮ್ಮಲ್ಲಿ ಬಂದವರಿಗೆಲ್ಲ ಹೇಳುತ್ತಾರೆ. ಎತ್ತುಗಳಿಗೆ ವಯಸ್ಸಾದಾಗ ಮಾವ ಗೋಡೆಯ ಮೇಲಿದ್ದ ನೊಗ ಇಳಿಸಿಕೊಂಡು ಹೊನ್ನಾಳಿ ಬಸ್ಸು ಹತ್ತಿದರಂತೆ. ಕಂಡಕ್ಟರ್ ಲಗೇಜು ಟಿಕೆಟ್ ಹರಿದುಕೊಟ್ಟು, ‘ಎತ್ತು ಹಿಂದಿನ ಬಸ್ಸಿಗೆ ಬರ್ತಾವೇನ್ರೀ ಗೌಡ್ರೆ?’ ಅಂದನಂತೆ. ಶೋರೂಮಿನ ಸತೀಶ್ ಕುಮಾರ್ ದೊಡ್ಡ ಗಾಡಿಗಳ ಮುಂದೆಯೇ ಓಡಾಡಿಸಿದನಂತೆ.

‘ನಿಮ್ಮ ಅಂತಸ್ತಿಗೆ ಇದೇ ಸರಿ ನೋಡ್ರಿ.’

‘ಅಂತಸ್ತು ನಮ್ಮ ಹಳ್ಳದ ದಾರೀಲಿ ಇಳಿಯೋದಿಲ್ಲಪ್ಪ. ಈ ನೊಗದೊಳಗೆ ಹಿಡಿಯೋ ಗಾಡಿ ತೋರ್ಸು’ ಎಂದು ಮಾವ ನೊಗವನ್ನು ಒಂದೊಂದು ಗಾಡಿಯ ಮುಂದೂ ಅಡ್ಡ ಹಿಡಿದು ನೋಡಿದರಂತೆ. ಹೊಲದ ದಾರಿ, ತೋಟದ ಸಾಲು, ಹಳ್ಳದ ಇಳಿಜಾರು, ಎಲ್ಲ ಆ ನೊಗದ ಅಗಲಕ್ಕೆ ತಕ್ಕಂತೆ ಆದಂಥವು. ಆಮೇಲೆ ಬಾನೆಟ್ ಎತ್ತಿಸಿ, ಗಾಳಿ ಸೋಸುವ ಫಿಲ್ಟರಿಗೆ ತಮ್ಮ ಕೈ ಸಲೀಸಾಗಿ ಹೋಗುತ್ತದೆಯೇ ಎಂದು ನೋಡಿದರಂತೆ. ‘ಹೆಣ್ಣು ನೋಡಾಕೆ ಬಂದೋರೂ ಇಷ್ಟು ನೋಡಲ್ಲ’ ಅಂದನಂತೆ ಸತೀಶ.

ಹೀಗೆ ನೊಗದ ಅಳತೆಗೆ ಬಂದ ಗಾಡಿಗೆ ಎತ್ತಿನ ಕಟ್ಟಳೆಯೂ ಬಂತು. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಟ್ರ್ಯಾಕ್ಟರನ್ನೂ ಹೂಡುವುದಿಲ್ಲ. ಆ ದಿನ ಕೀಲಿ ದೇವರ ಗೂಡಿನಲ್ಲಿ. ಮಾವ ಕೀಲುಗಳಿಗೆ ಗ್ರೀಸ್ ಹೊಡೆಯುತ್ತಿದ್ದರು, ಫಿಲ್ಟರ್ ಕೊಡವುತ್ತಿದ್ದರು, ಕಟ್ಟಿಗೆ ಎಳೆದಾಗ ರೇಡಿಯೇಟರ್ ಜಾಲರಿಗೆ ಸಿಕ್ಕಿದ ತೊಗಟೆಯನ್ನು ಕಡ್ಡಿಯಿಂದ ತೆಗೆಯುತ್ತಿದ್ದರು, ಚಕ್ರದ ನಟ್ಟು ಬಿಗಿ ಮಾಡುತ್ತಿದ್ದರು. ಮಗಳು ಸೀಟಿನ ಮೇಲೆ ಕೂತು ಬಾಯಲ್ಲೇ ಗಾಡಿ ಓಡಿಸುತ್ತಿದ್ದಳು. ವಾರದಲ್ಲಿ ನಾನು ಅವಳ ಹಿಂದೆ ಓಡದ ದಿನ ಅದೊಂದೇ.

ಗಿಡ್ಡಪ್ಪ ಮರ ಕಡಿಯುವವರು. ಎತ್ತಿನ ಕಾಲದಿಂದಲೂ ಅವರು ಕಡಿದದ್ದನ್ನು ಎಳೆಯುವುದು ಮಾವ. ಹೋದ ವರ್ಷ ಗಿಡ್ಡಪ್ಪನವರ ಹೊಸ ಮನೆಯ ಗೋಡೆ ಎದ್ದು, ಬಾಗಿಲು ಇಡುವುದಕ್ಕೆ ಕಾದಿತ್ತು. ಹಳ್ಳದ ದಂಡೆಯಲ್ಲಿ ಅವರಪ್ಪ ನೆಟ್ಟ ಹಲಸಿನ ಮರವಿತ್ತು. ‘ನಮ್ಮಪ್ಪನ ಮರದ ಬಾಗಿಲಾಗೇ ನಾನು ಒಳಗೆ ಹೋಗ್ಬೇಕು, ಕೊನೀಗೆ ಹೊರಗೂ ಬರ್ಬೇಕು’ ಅನ್ನುತ್ತಿದ್ದರು. ಗಾಳಿಗೆ ಆ ಮರ ತಾನೇ ಉರುಳಿತು. ಭಾನುವಾರವೆಲ್ಲ ಕೂತು ಕೊಂಬೆ ಸವರಿದರು. ದಿಮ್ಮಿ ಹಳ್ಳದ ಮರಳಿನಲ್ಲಿ ಉಳಿಯಿತು. ಅಲ್ಲಿಗೆ ಇಳಿಯುವ ಗಾಡಿ ಊರಲ್ಲಿ ಇರುವುದು ಒಂದೇ.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದರು.

‘ಗೌಡ್ರೆ, ಮೇಲೆ ಮೋಡ ಕಟ್ಟೈತೆ. ಇವತ್ತೊಂದಿನ ಗಾಡಿ ತೆಗೀರಿ.’

‘ಸೋಮವಾರ ಐತಲ್ಲೋ ಗಿಡ್ಡ.’

‘ಐತೆ. ಅದಕ್ಕೇ ಕೇಳಾಕೆ ಬಾಯಿ ಬರ್ತಿಲ್ಲ.’

ಹಿಂದೆ ನಿಂತಿದ್ದ ತಿಪ್ಪಮ್ಮ ಬಿಡಲಿಲ್ಲ. ‘ಇದಕ್ಕೇನು ಕೊಂಬು ಐತಾ, ಬಾಲ ಐತಾ? ಡೀಸೆಲ್ ಕುಡಿಯೋ ಬಸವಣ್ಣನ್ನ ನಾನಂತೂ ಕಂಡಿಲ್ಲ.’

ಮಾವ ನಕ್ಕರು. ‘ಹುಲ್ಲು ತಿಂದ್ರೂ ಡೀಸೆಲ್ ಕುಡಿದ್ರೂ ಎಳೆಯೋದು ಎಳೆಯೋದೇ ಕಣವ್ವ. ನಾಳೆ ಕೋಳಿ ಕೂಗೋ ಹೊತ್ತಿಗೆ ನಿಮ್ಮ ದಿಮ್ಮಿ ಮುಂದೆ ಇರ್ತೀನಿ.’

‘ಗೌಡ್ರು ಅಂದ್ಮೇಲೆ ಮುಗೀತು, ನಡಿಯೇ’ ಎಂದು ಗಿಡ್ಡಪ್ಪ ಹೊರಟರು.

ನಮ್ಮೂರಲ್ಲಿ ಒಂದು ಹನಿ ಬೀಳಲಿಲ್ಲ. ಸುರಿದದ್ದೆಲ್ಲ ಮೇಲಿನ ಕಾಡಿನಲ್ಲಿ. ಮಾವ ಮಾತು ತಪ್ಪಲಿಲ್ಲ. ಕೋಳಿ ಕೂಗುವಾಗ ಸರಪಳಿ ಹೆಗಲ ಮೇಲೆ ಹಾಕಿಕೊಂಡು ಹಳ್ಳದ ದಂಡೆಯಲ್ಲಿ ನಿಂತಿದ್ದರು. ಮುಂದೆ ಕೆಂಪು ನೀರು ದಂಡೆಯಿಂದ ದಂಡೆಗೆ ಹರಿಯುತ್ತಿತ್ತು. ನೀರು ಇಳಿದ ಮೇಲೆ ಮಾವ, ಗಿಡ್ಡಪ್ಪ ಇಬ್ಬರೂ ಹಳ್ಳದ ಜೊತೆಗೇ ನಡೆದರು. ಚೆಕ್ ಡ್ಯಾಮಿನ ಹತ್ತಿರ ಎರಡು ಕೊಂಬೆ ಸಿಕ್ಕವು, ದಿಮ್ಮಿ ಸಿಗಲಿಲ್ಲ.

ಗಿಡ್ಡಪ್ಪ ಮಾವನನ್ನು ಒಂದು ಮಾತೂ ಬೈಯಲಿಲ್ಲ. ‘ಬಿಡ್ರಿ ಗೌಡ್ರೆ. ನಮ್ಮಪ್ಪಂಗೆ ಈಜು ಚೆಂದಾಗಿ ಬರ್ತಿತ್ತು. ಅವನ ಮರಕ್ಕೂ ಬಂದೈತೆ’ ಎಂದು ನಗಿಸಲು ನೋಡಿದರು. ನಮ್ಮ ತೋಟದ ಹಲಸು ಕಡಿದು ಕೊಡುತ್ತೇನೆಂದು ಮಾವ ಹೇಳಿದಾಗ ಮಾತ್ರ ತಲೆ ಅಲ್ಲಾಡಿಸಿದರು. ‘ಅದು ನಿಮ್ಮಪ್ಪ ನೆಟ್ಟಿದ್ದು ಕಣ್ರೀ.’ ಕೊನೆಗೆ ಯಾವುದೋ ಹಸಿಮರದ ರೆಡಿಮೇಡ್ ಬಾಗಿಲು ತಂದು ಕೂರಿಸಿದರು.

ಅದರ ಮುಂದಿನ ಸೋಮವಾರ ಬೆಳಿಗ್ಗೆ ಟ್ರ್ಯಾಕ್ಟರ್ ಸದ್ದು ಕೇಳಿ ನಾನು ಮಗಳನ್ನು ಹುಡುಕಿಕೊಂಡು ಓಡಿದೆ. ಸೀಟು ಸಿಗದೆ ಅವಳು ಅಂಗಳದಲ್ಲಿ ಅಳುತ್ತಿದ್ದಳು. ಮಾವ ಗಿಡ್ಡಪ್ಪನವರ ಮನೆ ಮುಂದೆ ಗಾಡಿ ನಿಲ್ಲಿಸಿ, ‘ಏನಾದ್ರೂ ಎಳೆಯೋದೈತೇನೋ?’ ಎಂದು ಕೇಳುತ್ತಿದ್ದರು.

‘ಏನೂ ಇಲ್ರೀ.’

ಪ್ರತಿ ಸೋಮವಾರ ಅದೇ ಪ್ರಶ್ನೆ, ಅದೇ ಉತ್ತರ. ಗೌಡರ ಗಾಡಿ ಈಗ ಸೋಮವಾರವೂ ಸಿಗುತ್ತದೆ ಎಂದು ಊರಿಗೆಲ್ಲ ಗೊತ್ತಾಯಿತು. ಕಟ್ಟಿಗೆ, ಕಂಬ, ಬೊಡ್ಡೆ, ಯಾರು ಕರೆದರೂ ಹೋದರು. ಗ್ರೀಸ್ ಗನ್ನಿಗೆ ಜೇಡ ಬಲೆ ಕಟ್ಟಿತು. ಹೊಗೆ ಕಪ್ಪಾಯಿತು. ಏರು ಹತ್ತುವಾಗ ಎಂಜಿನ್ ಕಾಯತೊಡಗಿತು. ಒಮ್ಮೆ ಚಕ್ರದ ನಟ್ಟೊಂದು ದಾರಿಯಲ್ಲೇ ಬಿದ್ದುಹೋಯಿತೆಂದು ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ.

‘ಬೇರೆ ಯಾವುದಾದರೂ ವಾರ ಬಿಡುವು ಮಾಡಿ ಮಾವ. ಗಾಡಿಗಲ್ಲ, ನಿಮಗೇನಾದರೂ ಆದರೆ?’

‘ಯಾವ ವಾರ ಬಿಡ್ಲವ್ವ? ಆ ವಾರ ಯಾರ ದಿಮ್ಮಿ ಹಳ್ಳದಾಗಿರುತ್ತೋ.’



ಈ ಮಳೆಗಾಲದ ಒಂದು ಸೋಮವಾರ, ಗಿಡ್ಡಪ್ಪನವರ ಮನೆ ಮುಂದೆಯೇ ಟ್ರ್ಯಾಕ್ಟರ್ ಕೆಮ್ಮಿ ನಿಂತುಹೋಯಿತು. ಸದ್ದು ನಿಂತದ್ದು ಕೇಳಿ ನಾನು ಮಗಳನ್ನು ಸೊಂಟಕ್ಕೇರಿಸಿಕೊಂಡು ಹೋದೆ. ಗಿಡ್ಡಪ್ಪ ಬಾನೆಟ್ ಎತ್ತಿ, ಫಿಲ್ಟರ್ ಹೊರತೆಗೆದು ಕಲ್ಲಿಗೆ ಕೊಡವಿದರು. ಬೊಗಸೆ ಧೂಳು ಬಿತ್ತು.

‘ಇವತ್ತು ಸೋಮವಾರ ಗೌಡ್ರೆ. ಇದು ತಾನೇ ನಿಂತೈತೆ. ನೀವೂ ನಿಲ್ರಿ.’

ಮಾವ ಆ ಬಾಗಿಲನ್ನೇ ನೋಡುತ್ತಿದ್ದರು. ‘ಆವತ್ತು ನೀನು ನನಗೆ ಬೈಬೇಕಿತ್ತು ಕಣೋ.’

‘ಬೈದಿದ್ರೆ ದಿಮ್ಮಿ ವಾಪಸ್ ಬರ್ತಿತ್ತಾ?’

‘ಇಲ್ಲ. ನನ್ನ ಸೋಮವಾರ ಬರ್ತಿತ್ತು.’

ಗಿಡ್ಡಪ್ಪ ಫಿಲ್ಟರನ್ನು ಮತ್ತೊಮ್ಮೆ ಕಲ್ಲಿಗೆ ಕೊಡವಿದರು. ಒಳಗಿಂದ ತಿಪ್ಪಮ್ಮನ ದನಿ ಬಂತು. ‘ಬೈಯಾಕೆ ನಾನಿಲ್ವಾ? ಒಂದು ವರ್ಷದಿಂದ ವಾರವಾರ ಮನೆ ಮುಂದೆ ಹೊಗೆ ಉಗುಳಿ ಹೋಗ್ತೀರಿ. ಒಣಗಾಕಿದ ಸೀರೆಯೆಲ್ಲ ಮಸಿ! ದಿಮ್ಮಿ ಹೋಗಿದ್ದು ಒಂದು ಸಲ, ನೀವು ಜ್ಞಾಪಿಸಿದ್ದು ಎಷ್ಟು ಸಲ? ಬಂದು ಚಾ ಕುಡೀರಿ, ಆಮೇಲೆ ಗಾಡಿ ತಳ್ಕೊಂಡು ಹೋಗಿ ಕಟ್ಟಾಕ್ರಿ.’

ಮಾವ ತಲೆ ತಗ್ಗಿಸಿ ಬೈಸಿಕೊಂಡರು. ಚಾ ಕುಡಿದರು. ಇಬ್ಬರೂ ಗಾಡಿ ತಳ್ಳಿಕೊಂಡು ಬಂದು ನೊಗ ತೂಗಿದ್ದ ಗೋಡೆಯ ಕೆಳಗೆ ನಿಲ್ಲಿಸಿದರು.

ಈಗ ಸೋಮವಾರ ಕೀಲಿ ಮತ್ತೆ ದೇವರ ಗೂಡಿನಲ್ಲಿ. ಅಪಾಯ ಅಂತ ಯಾರಾದರೂ ಬಂದರೆ ಮಾತ್ರ ಮಾವ ಅದನ್ನು ತೆಗೆಯುತ್ತಾರೆ, ಎರಡು ಮಾತಿಲ್ಲ. ಮಗಳಿಗೆ ಸೀಟು ಸಿಕ್ಕಿದೆ. ಸವೆದ ಕೀಲುಗಳು ಮಾತ್ರ ಗ್ರೀಸಿಗೂ ಬಗ್ಗದೆ ಕಿರುಗುಟ್ಟುತ್ತವೆ.

ಸಂಜೆ ‘ಧಡ್’ ಎಂದಾಗ ಮಾವನ ಕೈ ಇನ್ನೂ ರೊಟ್ಟಿಯ ಮೇಲೆ ನಿಲ್ಲುತ್ತದೆ. ಅದು ಮತ್ತೆ ತುತ್ತು ಮುರಿಯುವವರೆಗೆ ನಾನೂ ಮಗಳ ಬಾಯಿಗೆ ತುತ್ತು ಇಡದೆ ಕಾಯುತ್ತೇನೆ.